524ರಿಂದ ಎಕ್ಸೆಪ್ಶನ್ ಟೇಬಲ್‌ವರೆಗೆ

ರಿಸ್ಕ್-ಫೈವ್ ಬಗೆಯ ಪ್ರೊಸೆಸರ್ ಇರುವ ನಮ್ಮ ಬೋರ್ಡಿನಲ್ಲಿ ಒಂದು ಇಬಿಪಿಎಫ್ ಪ್ರೋಗ್ರಾಂ (ಕಾರ್ಯವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಚಿಕ್ಕದಾಗಿ ಬಿಪಿಎಫ್) ಲೋಡ್ ಮಾಡಲು ಹೋದಾಗಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಅಪರಿಚಿತ ದೋಷ 524. ಕರ್ನಲ್‌ನಲ್ಲಿ ಕೈಯಾಡಿಸುವವರಿಗೆ ಈ ಸಂಖ್ಯೆ ಹಳೆಯ ಪರಿಚಯ. ‘ಇದಕ್ಕೆ ಬೆಂಬಲವಿಲ್ಲ’ ಎನ್ನಲು ಕರ್ನಲ್ ತನ್ನೊಳಗೆ ಮಾತ್ರ ಬಳಸಿಕೊಳ್ಳಬೇಕಾದ ಸಂಕೇತ ಅದು. ಹೊರಗಿನ ಸಿ ಲೈಬ್ರರಿಯ ಪಟ್ಟಿಯಲ್ಲಿ ಅದು ಇಲ್ಲವಾದ್ದರಿಂದ ಲೈಬ್ರರಿ ‘ಅಪರಿಚಿತ’ ಎಂದು ಕೈಚೆಲ್ಲುತ್ತದೆ. ಮನೆಯೊಳಗಿನ ಮಾತು ಬೀದಿಗೆ ಬರಬಾರದಿತ್ತು, ಬಂದುಬಿಟ್ಟಿದೆ, ವರ್ಷಗಳಿಂದ ಹಾಗೆಯೇ ಇದೆ. ಕರ್ನಲ್ ಲಾಗ್ ತೆರೆದರೆ ಬಿಪಿಎಫ್ ಕೋಡನ್ನು ಪ್ರೊಸೆಸರಿನ ಯಂತ್ರಭಾಷೆಗೆ ಇಳಿಸುವ ಜಿಟ್ ಕಂಪೈಲರ್ ಬರೆದಿಟ್ಟ ಇನ್ನೊಂದು ಸಾಲು ಕಂಡಿತು: ‘ಅನ್‌ನೋನ್ ಆಪ್‌ಕೋಡ್ 39’, ಅಂದರೆ 39 ಎಂಬ ಇನ್‌ಸ್ಟ್ರಕ್ಷನ್ ಸಂಕೇತ ತನಗೆ ಗೊತ್ತಿಲ್ಲ. ಇದು ಉಪಯೋಗಕ್ಕೆ ಬರುವ ಸಾಲು.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಬೋರ್ಡುಗಳಿಗೆ ಕರ್ನಲ್ ಹೊಂದಿಸುವ ಕೆಲಸ ಮಾಡುತ್ತೇನೆ. ಚಿಪ್ ಕೊಟ್ಟವರು ಅದರ ಜತೆ 5.15 ಕರ್ನಲ್ ಕೊಟ್ಟಿದ್ದರು, ಅದೂ ಆ ಸರಣಿಯ ಆರಂಭದ ಬಿಡುಗಡೆ, ಮೇಲೆ ಅವರದೇ ಆದ ನೂರೆಂಟು ತಿದ್ದುಪಡಿ. ನಮಗೆ ಬೇಕಿದ್ದದ್ದು ಸರಳವಾದ ಒಂದು ಅಳತೆ. ಶೆಡ್ಯೂಲರ್ ಒಂದು ಪ್ರಕ್ರಿಯೆಯನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವಾಗಲೆಲ್ಲ, ಒಳಬರುತ್ತಿರುವ ಪ್ರಕ್ರಿಯೆಯ ಟಾಸ್ಕ್ ರಚನೆಯಿಂದ (ಕರ್ನಲ್ ಅದರ ವಿವರ ಇಟ್ಟುಕೊಳ್ಳುವ ದಾಖಲೆಯಿಂದ) ಅದರ ಮೆಮೊರಿ ರಚನೆಗೆ ಹೋಗಿ, ಒಟ್ಟು ಪುಟಗಳ ಸಂಖ್ಯೆ ಓದಿ, ದಾಖಲಿಸುವುದು. ಎರಡು ಪಾಯಿಂಟರ್, ಅಂದರೆ ಮೆಮೊರಿ ವಿಳಾಸ, ದಾಟುವ ಒಂದು ಸಾಲು ಸಿ ಕೋಡ್. ಇದೇ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿಯೂ, ಮೇಜಿನ ಮೇಲಿದ್ದ ಆರ್ಮ್64 ಬೋರ್ಡಿನಲ್ಲಿಯೂ ತಕರಾರಿಲ್ಲದೆ ಓಡುತ್ತಿತ್ತು.

39 ಅನ್ನು ಹದಿನಾರರ ಎಣಿಕೆಯಲ್ಲಿ ಬಿಡಿಸಿದರೆ ವಿಷಯ ಬೆಳಕಿಗೆ ಬರುತ್ತದೆ. 01 ಎಂದರೆ ಲೋಡ್ (ಇಲ್ಲಿ ಮೆಮೊರಿಯಿಂದ ಓದುವುದು ಎಂದರ್ಥ), 18 ಎಂದರೆ ಎಂಟು ಬೈಟ್ ಅಗಲ, ಉಳಿದ 20 ಎಂದರೆ ‘ಪ್ರೋಬ್ ಮೆಮ್’ ಎಂಬ ಬಗೆ. ಸಾಮಾನ್ಯ ಲೋಡ್‌ನ ಬಗೆ 60, ಅದರ ಆಪ್‌ಕೋಡ್ 79. ಕ್ಲ್ಯಾಂಗ್ ಕಂಪೈಲರ್ ಬರೆದುಕೊಟ್ಟದ್ದು 79ನ್ನೇ. ಅದನ್ನು 39 ಮಾಡಿದ್ದು, ಪ್ರೋಗ್ರಾಂ ಸುರಕ್ಷಿತವೇ ಎಂದು ಓಡುವ ಮುನ್ನ ಪರೀಕ್ಷಿಸುವ ಕರ್ನಲ್‌ನ ವೆರಿಫೈಯರ್.

ಹಿಂದೆಲ್ಲ ಟ್ರೇಸಿಂಗ್ ಪ್ರೋಗ್ರಾಂ ಒಂದು ಕರ್ನಲ್ ಪಾಯಿಂಟರನ್ನು ನೇರವಾಗಿ ಹಿಂಬಾಲಿಸುವಂತಿರಲಿಲ್ಲ. ಪ್ರತಿ ಹೆಜ್ಜೆಗೂ ‘ಪ್ರೋಬ್ ರೀಡ್’ ಎಂಬ ಸಹಾಯಕ ಫಂಕ್ಷನ್ ಕರೆಯಬೇಕಿತ್ತು. 5.5 ಕರ್ನಲ್‌ನಿಂದ ಈಚೆಗೆ, ಬಿಟಿಎಫ್ ಎಂಬ ಟೈಪ್ ಮಾಹಿತಿ ಇದ್ದರೆ, ಸಿ ಭಾಷೆಯ ಬಾಣದ ಗುರುತನ್ನೇ ಹಾಕಿ ಓದಬಹುದು. ವೆರಿಫೈಯರ್ ಟೈಪ್ ಸರಿಯಿದೆಯೇ ಎಂದು ನೋಡುತ್ತದೆ. ಆದರೆ ಓಡುವ ಹೊತ್ತಿನಲ್ಲಿ ಪಾಯಿಂಟರ್ ಶೂನ್ಯವೋ ಹಾಳು ವಿಳಾಸವೋ ಆಗಿರಬಹುದು ಎಂಬುದು ಅದಕ್ಕೂ ಗೊತ್ತು. ಆದ್ದರಿಂದ ಅಂಥ ಪ್ರತಿ ಲೋಡ್‌ಗೂ ‘ಇದು ಬೀಳಬಹುದು, ಬಿದ್ದರೆ ಕರ್ನಲ್ ಸಾಯಬಾರದು’ ಎಂಬ ಗುರುತು ಹಾಕುತ್ತದೆ, ಎಷ್ಟು ಲೋಡ್‌ಗಳಿಗೆ ಹಾಕಿದೆ ಎಂದು ಲೆಕ್ಕವನ್ನೂ ಇಡುತ್ತದೆ. ಆ ಗುರುತನ್ನು ಗೌರವಿಸುವುದು ಆಯಾ ಪ್ರೊಸೆಸರ್ ಬಗೆಯ ಜಿಟ್‌ನ ಹೊಣೆ. ಎಕ್ಸ್86 ಜಿಟ್ ಆ ಹೊಣೆ ಹೊತ್ತದ್ದು 2019ರಲ್ಲಿ, ಆರ್ಮ್64 2020ರಲ್ಲಿ. ನಮ್ಮ 5.15ರ ರಿಸ್ಕ್-ಫೈವ್ ಜಿಟ್‌ಗೆ ಅದರ ಪರಿಚಯವೇ ಇರಲಿಲ್ಲ.

ಜಿಟ್‌ಗೆ ಗೊತ್ತಿಲ್ಲದಿದ್ದರೆ, ಯಂತ್ರಭಾಷೆಗೆ ಇಳಿಸದೆ ಬಿಪಿಎಫ್ ಕೋಡನ್ನು ಒಂದೊಂದಾಗಿ ಓದಿ ನಡೆಸುವ ಇಂಟರ್‌ಪ್ರಿಟರ್ ಇದೆಯಲ್ಲ ಎನ್ನಬಹುದು. ಇದೆ, ಅದಕ್ಕೆ ಪ್ರೋಬ್ ಮೆಮ್ ಗೊತ್ತೂ ಇದೆ. ಆದರೆ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷ ಬಯಲಾದ ಮೇಲೆ ಇಂಟರ್‌ಪ್ರಿಟರನ್ನೇ ಕರ್ನಲ್‌ನಿಂದ ತೆಗೆದುಹಾಕುವ ‘ಜಿಟ್ ಆಲ್‌ವೇಸ್ ಆನ್’ ಆಯ್ಕೆ ಬಂತು. ನಮ್ಮ ಕಾನ್ಫಿಗ್‌ನಲ್ಲಿ ಅದು ಆನ್ ಇತ್ತು, ಅದನ್ನು ಮುಟ್ಟಲು ಭದ್ರತಾ ತಂಡದವರು ಒಪ್ಪುವುದಿಲ್ಲ. ಅವರು ಒಪ್ಪದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ ಕೂಡ.

ವಿಪರ್ಯಾಸವೆಂದರೆ ರಿಸ್ಕ್-ಫೈವ್‌ಗೆ ಈ ಸೌಲಭ್ಯ ಮೇನ್‌ಲೈನ್‌ನಲ್ಲಿ, ಅಂದರೆ ಲಿನಕ್ಸ್‌ನ ಮೂಲ ಕರ್ನಲ್‌ನಲ್ಲಿ, ಬಂದದ್ದು 5.16ರಲ್ಲಿ, ಅಂದರೆ ಸರಿಯಾಗಿ ಮುಂದಿನ ಆವೃತ್ತಿಯಲ್ಲಿ. ಆ ಪ್ಯಾಚನ್ನು ಎತ್ತಿ ಅಂಟಿಸಿದರೆ ಮುಗಿಯಿತು ಎಂದು ಯಾರಿಗಾದರೂ ಅನಿಸುತ್ತದೆ. ಅಂಟಲಿಲ್ಲ. ಚಿಪ್‌ನವರು ಪೇಜ್ ಫಾಲ್ಟ್ ಕಡತವನ್ನೂ ಎಕ್ಸೆಪ್ಶನ್ ಟೇಬಲ್ ಕಡತವನ್ನೂ ತಮ್ಮ ಅಗತ್ಯಕ್ಕೆ ತಿದ್ದಿಕೊಂಡಿದ್ದರು. ಒಂದರ ಮೇಲೊಂದು ಸಂಘರ್ಷ. ಅರ್ಥವಾಗದ ಪ್ಯಾಚನ್ನು ಬಲವಂತವಾಗಿ ಕೂರಿಸುವುದಕ್ಕಿಂತ ಮೊದಲಿನಿಂದ ನಾನೇ ಬರೆದು, ಆಮೇಲೆ ಮೇನ್‌ಲೈನ್ ಜತೆ ಹೋಲಿಸಿ ನೋಡುವುದೇ ಮೇಲು ಎನ್ನಿಸಿತು.

ಬೀಳುವ ಲೋಡ್‌ಗಳಿಂದ ಕರ್ನಲನ್ನು ಉಳಿಸುವ ಎಕ್ಸೆಪ್ಶನ್ ಟೇಬಲ್ ಎಂಬುದು ಲಿನಕ್ಸ್‌ನಲ್ಲಿ ತೊಂಬತ್ತರ ದಶಕದ 2.1 ಸರಣಿಯಿಂದಲೂ ಇದೆ. ಅದಕ್ಕೆ ಮುಂಚೆ, ಬಳಕೆದಾರನ ಪ್ರಕ್ರಿಯೆ ಕೊಟ್ಟ ವಿಳಾಸ ಸರಿಯಿದೆಯೇ ಎಂದು ಕರ್ನಲ್ ಪ್ರತಿ ಸಲ ಮೊದಲೇ ಪರೀಕ್ಷಿಸುತ್ತಿತ್ತು. ನೂರರಲ್ಲಿ ತೊಂಬತ್ತೊಂಬತ್ತು ಸಲ ವಿಳಾಸ ಸರಿಯೇ ಇರುತ್ತಿದ್ದುದರಿಂದ ಆ ಪರೀಕ್ಷೆ ದಂಡ. ಹೊಸ ಉಪಾಯ ಹೀಗೆ: ಪರೀಕ್ಷೆ ಬೇಡ, ನೇರವಾಗಿ ಓದು. ವಿಳಾಸ ಕೆಟ್ಟದ್ದಾಗಿ ಓದು ಬಿದ್ದರೆ ಪ್ರೊಸೆಸರೇ ಪೇಜ್ ಫಾಲ್ಟ್ ಎಂಬ ಅಡ್ಡಿ ಎಬ್ಬಿಸುತ್ತದೆ. ಆಗ, ಬಿದ್ದ ಇನ್‌ಸ್ಟ್ರಕ್ಷನ್‌ನ ವಿಳಾಸ ಒಂದು ಕೋಷ್ಟಕದಲ್ಲಿ ಇದೆಯೇ ಎಂದು ಹುಡುಕು. ಇದ್ದರೆ ಅದರ ಪಕ್ಕದಲ್ಲಿ ಬರೆದಿರುವ ಸರಿಪಡಿಕೆಯ ವಿಳಾಸಕ್ಕೆ ಹಾರು. ಇಲ್ಲದಿದ್ದರೆ ಅದು ನಿಜವಾದ ದೋಷ, ಊಪ್ಸ್ ಎಂಬ ದೋಷವರದಿ ಬರೆದು ಸಾಯಿ. ಎಲ್ಲ ಸರಿಯಿದ್ದಾಗ ಈ ವ್ಯವಸ್ಥೆಗೆ ತಗಲುವ ಖರ್ಚು ಸೊನ್ನೆ.

ಕರ್ನಲ್‌ನ ಸ್ವಂತ ಕೋಷ್ಟಕದಲ್ಲಿ ಸರಿಪಡಿಕೆ ಎಂದರೆ ಯಾರೋ ಅಸೆಂಬ್ಲಿಯಲ್ಲಿ ಕೈಯಾರೆ ಬರೆದಿಟ್ಟ ತುಣುಕು. ಜಿಟ್‌ನಲ್ಲಿ ಪ್ರತಿ ಲೋಡ್‌ಗೂ ಅಂಥ ತುಣುಕು ಹುಟ್ಟಿಸಬಹುದು, ಆದರೆ ಮಾಡಬೇಕಾದ ಕೆಲಸ ಎಲ್ಲ ಕಡೆಯೂ ಒಂದೇ: ಗುರಿಯ ರಿಜಿಸ್ಟರಿಗೆ (ಓದಿದ್ದನ್ನು ಇಡುವ, ಪ್ರೊಸೆಸರಿನೊಳಗಿನ ಜಾಗಕ್ಕೆ) ಸೊನ್ನೆ ಹಾಕು, ಮುಂದಿನ ಇನ್‌ಸ್ಟ್ರಕ್ಷನ್‌ಗೆ ಹೋಗು. ಅದಕ್ಕಾಗಿ ಸರಿಪಡಿಕೆಯ ಜಾಗದಲ್ಲಿ ವಿಳಾಸದ ಬದಲು ಎರಡು ಸಣ್ಣ ಸಂಖ್ಯೆಗಳನ್ನು ತುರುಕುತ್ತಾರೆ: ಯಾವ ರಿಜಿಸ್ಟರ್, ಎಲ್ಲಿಗೆ ಹೋಗಬೇಕು. ಆರ್ಮ್64ರ ಜಿಟ್ ಮಾಡಿದ ಹಂಚಿಕೆ ನನಗೆ ಬಹಳ ಹಿಡಿಸಿತು. ರಿಜಿಸ್ಟರಿಗೆ ಮೇಲಿನ 5 ಬಿಟ್, ದೂರಕ್ಕೆ ಕೆಳಗಿನ 27 ಬಿಟ್. ರಿಸ್ಕ್-ಫೈವ್‌ನಲ್ಲೂ ರಿಜಿಸ್ಟರುಗಳು 32, ಅಂದರೆ 5 ಬಿಟ್ ಸಾಕು. ಜಿಟ್ ಕೋಡ್‌ಗೆ ಮೀಸಲಾದ ವಿಳಾಸ ಪ್ರದೇಶ 128 ಎಂಬಿ, ಅಂದರೆ ಸರಿಯಾಗಿ 27 ಬಿಟ್. ಎರಡೂ ಸೇರಿ 32. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ.

5.15ರ ರಿಸ್ಕ್-ಫೈವ್ ಕೋಷ್ಟಕದಲ್ಲಿ ಪ್ರತಿ ಅಂಕಣವೂ 64 ಬಿಟ್ ಅಗಲ, ಹಾಗಾಗಿ ಈ ಜಿಪುಣತನದ ಅಗತ್ಯ ನನಗೆ ಇರಲಿಲ್ಲ. ಆದರೂ 32ರೊಳಗೆ ಕಟ್ಟಿದೆ. ನಂತರದ ಆವೃತ್ತಿಗಳಲ್ಲಿ ಈ ಅಂಕಣಗಳು 32 ಬಿಟ್‌ನ ಸಾಪೇಕ್ಷ ದೂರಗಳಾಗಿ ಕುಗ್ಗಿವೆ. ಕರ್ನಲ್ ಬದಲಾಯಿಸುವ ದಿನ ಇದೊಂದು ಹೊಸ ತಲೆನೋವು ಆಗುವುದು ಬೇಡವಿತ್ತು.

ಈ ಹಂತದಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರು ನನ್ನ ಪರದೆ ನೋಡುತ್ತ ಕೇಳಿದರು: “ಓದಲು ಆಗಲಿಲ್ಲ ಎಂದಾದರೆ ದೋಷ ಕೊಡಬೇಕಲ್ಲವೇ? ಸೊನ್ನೆ ಯಾಕೆ ಕೊಡುತ್ತೀರಿ?” ಒಳ್ಳೆಯ ಪ್ರಶ್ನೆ. ಪ್ರೋಗ್ರಾಂ ಒಂದೇ ಸಾಲಿನಲ್ಲಿ ಎರಡು ಮೂರು ಪಾಯಿಂಟರ್ ದಾಟುತ್ತದೆ. ನಡುವೆ ನಿಲ್ಲಿಸಿ ದೋಷ ಹೇಳಲು ಅಲ್ಲಿ ಜಾಗವೇ ಇಲ್ಲ. ಮೊದಲನೆಯದು ಬಿದ್ದರೆ ರಿಜಿಸ್ಟರಿನಲ್ಲಿ ಸೊನ್ನೆ, ಆ ಸೊನ್ನೆಯನ್ನು ಹಿಂಬಾಲಿಸಿದ ಎರಡನೆಯದೂ ಬೀಳುತ್ತದೆ, ಅಲ್ಲೂ ಸೊನ್ನೆ. ಕೊನೆಗೆ ಕೈಗೆ ಬರುವುದು ಸೊನ್ನೆ. ಹಳೆಯ ಪ್ರೋಬ್ ರೀಡ್ ಫಂಕ್ಷನ್ ಕೂಡ ಸೋತಾಗ ಗುರಿಯ ಜಾಗಕ್ಕೆ ಸೊನ್ನೆ ತುಂಬುತ್ತಿತ್ತು, ಆದರೆ ಸೋತೆ ಎಂಬ ಮಾತನ್ನೂ ಹಿಂದಿರುಗಿಸುತ್ತಿತ್ತು. ಇಲ್ಲಿ ಆ ಮಾತು ಹೋಗಿದೆ. ನಿಜವಾದ ಸೊನ್ನೆಯನ್ನೂ ಬಿದ್ದು ಬಂದ ಸೊನ್ನೆಯನ್ನೂ ಪ್ರೋಗ್ರಾಂ ಬೇರ್ಪಡಿಸಲಾರದು. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ವೇಗಕ್ಕೆ ತೆತ್ತ ಬೆಲೆ ಎಂದು ಒಪ್ಪಿಕೊಳ್ಳುವುದನ್ನು ಬಿಟ್ಟರೆ ನನ್ನ ಬಳಿಯೂ ಬೇರೆ ಸಮಾಧಾನ ಇರಲಿಲ್ಲ.

ಇನ್ನು ಜಿಟ್ ಒಳಗಿನ ಕೆಲಸ. ರಿಸ್ಕ್-ಫೈವ್ ಜಿಟ್ ಪ್ರೋಗ್ರಾಂ ಅನ್ನು ಒಂದೇ ಸಲಕ್ಕೆ ಯಂತ್ರಭಾಷೆಗೆ ಇಳಿಸುವುದಿಲ್ಲ. ದೂರದ ಜಿಗಿತಗಳು ಹತ್ತಿರವೆಂದು ಗೊತ್ತಾದಂತೆ ಚಿಕ್ಕ ಇನ್‌ಸ್ಟ್ರಕ್ಷನ್ ಸಾಕಾಗುತ್ತದೆ, ಕೋಡ್ ಕುಗ್ಗುತ್ತದೆ, ಕುಗ್ಗಿದ್ದರಿಂದ ಇನ್ನಷ್ಟು ಜಿಗಿತಗಳು ಹತ್ತಿರವಾಗುತ್ತವೆ. ಗಾತ್ರ ಸ್ಥಿರವಾಗುವವರೆಗೆ ಮತ್ತೆ ಮತ್ತೆ ಸುತ್ತು ಹೊಡೆಯುತ್ತದೆ, ನಮ್ಮ 5.15ರಲ್ಲಿ ಗರಿಷ್ಠ 16 ಸುತ್ತು. ಸ್ಥಿರವಾದ ಮೇಲೆ ಮೆಮೊರಿ ಪಡೆಯುತ್ತದೆ. ಪಡೆದ ಮೇಲೂ ಕೋಡ್ ಇನ್ನಷ್ಟು ಕುಗ್ಗಬಹುದು, ಏಕೆಂದರೆ ತಾನು ಎಲ್ಲಿ ಕೂತಿದ್ದೇನೆ ಎಂಬುದು ಅದಕ್ಕೆ ಗೊತ್ತಾಗುವುದೇ ಆಗ. ಹೀಗಿರುವಾಗ ಬೀಳಬಹುದಾದ ಲೋಡ್‌ನ ವಿಳಾಸವನ್ನು ಕೋಷ್ಟಕಕ್ಕೆ ಬರೆಯುವುದು ಯಾವ ಸುತ್ತಿನಲ್ಲಿ? ಕಟ್ಟಕಡೆಯದರಲ್ಲಿ ಮಾತ್ರ. ಅದಕ್ಕೆ ಮುಂಚಿನ ವಿಳಾಸಗಳೆಲ್ಲ ತಾತ್ಕಾಲಿಕ.

ಮೆಮೊರಿ ಕೇಳುವಾಗ ಕೋಡ್‌ನ ಗಾತ್ರದ ಜತೆ ಕೋಷ್ಟಕದ ಗಾತ್ರವನ್ನೂ ಸೇರಿಸಿ ಕೇಳಿದೆ. ವೆರಿಫೈಯರ್ ಕೊಟ್ಟ ಎಣಿಕೆ ಇಲ್ಲಿ ಉಪಯೋಗಕ್ಕೆ ಬಂತು. ಕೋಷ್ಟಕ ಕೋಡ್ ಮುಗಿದ ಮೇಲೆ ಕೂರುತ್ತದೆ, ಆದ್ದರಿಂದ ಕೋಷ್ಟಕದಿಂದ ಲೋಡ್‌ಗೆ ದೂರ ಯಾವಾಗಲೂ ಹಿಮ್ಮುಖ. ಚಿಹ್ನೆಯನ್ನು ಕೈಬಿಟ್ಟು ಧನ ಸಂಖ್ಯೆಯಾಗಿ ಇಟ್ಟುಕೊಳ್ಳಬಹುದು. ಕೋಡ್ ಎರಡೆರಡು ಬೈಟ್ ತುಣುಕುಗಳಲ್ಲಿ ಬೆಳೆಯುವುದರಿಂದ ಅದರ ಕೊನೆ ಎಂಟರ ಗುಣಕದಲ್ಲಿ ಇರಬೇಕೆಂದೇನಿಲ್ಲ. ಹೀಗಾಗಿ ಕೋಷ್ಟಕದ ಆರಂಭವನ್ನು ಎಂಟಕ್ಕೆ ಏರಿಸಿ ಕೂರಿಸಿದೆ. ‘ಕೋಷ್ಟಕ ಇದೆ’ ಎಂಬ ಪಾಯಿಂಟರನ್ನು ಗಾತ್ರ ಸ್ಥಿರವಾದ ಮೇಲಷ್ಟೇ ತುಂಬಿದ್ದರಿಂದ ಹಿಂದಿನ ಸುತ್ತುಗಳು ತಾವಾಗಿಯೇ ಸುಮ್ಮನಿರುತ್ತವೆ. ಹುಡುಕಾಟ ಕೋಷ್ಟಕವನ್ನು ಅರ್ಧರ್ಧ ಮಾಡುತ್ತ ಹೋಗುವ ಬಗೆಯದು, ವಿಳಾಸಗಳು ಏರಿಕೆಯ ಕ್ರಮದಲ್ಲಿ ಇರಲೇಬೇಕು. ಜಿಟ್ ಪ್ರೋಗ್ರಾಂ ಅನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತ ಹೋಗುವುದರಿಂದ ಆ ಕ್ರಮ ಬಿಟ್ಟಿಯಾಗಿ ಸಿಗುತ್ತದೆ.

ಒಂದು ಪ್ರೋಗ್ರಾಂ ಒಳಗೆ ಉಪಪ್ರೋಗ್ರಾಂಗಳಿದ್ದರೆ ಕಡೆಯ ಸುತ್ತು ಎರಡು ಸಲ ನಡೆಯುತ್ತದೆ. ಎಲ್ಲರ ವಿಳಾಸ ಗೊತ್ತಾದ ಮೇಲೆ ಕರೆಗಳನ್ನು ಸರಿಪಡಿಸಲು ಒಂದು ಹೆಚ್ಚುವರಿ ಸುತ್ತು. ಕೋಷ್ಟಕದ ಎಣಿಕೆಯನ್ನು ಅಲ್ಲಿ ಸೊನ್ನೆಗೆ ಇಳಿಸದಿದ್ದರೆ ಎರಡನೆಯ ಸಲ ಬರೆದದ್ದು ಕೋಷ್ಟಕದಾಚೆ ಹೋಗಿ ಬೀಳುತ್ತದೆ. ಮೇನ್‌ಲೈನ್ ಕೋಡ್‌ನಲ್ಲಿ ‘ಎಣಿಕೆ ಮೀರಿತೇ’ ಎಂದು ಎಚ್ಚರಿಸುವ ಸಾಲು ಯಾಕಿದೆ ಎಂದು ಮೊದಲ ಓದಿನಲ್ಲಿ ಅರ್ಥವಾಗಿರಲಿಲ್ಲ. ಈ ಸುತ್ತನ್ನು ಕಂಡ ಮೇಲೆ ಅರ್ಥವಾಯಿತು.

ಲೋಡ್‌ನ ಉದ್ದದ ವಿಷಯ ಇನ್ನೂ ಸ್ವಾರಸ್ಯದ್ದು. ರಿಸ್ಕ್-ಫೈವ್‌ನಲ್ಲಿ ಮಾಮೂಲಿ ಇನ್‌ಸ್ಟ್ರಕ್ಷನ್ 4 ಬೈಟ್, ಸಂಕುಚಿತ ರೂಪದ್ದು 2 ಬೈಟ್. ಎಂಟು ಬೈಟ್ ಓದುವ ಲೋಡ್‌ನ ಸಂಕುಚಿತ ರೂಪ ಸಿಗಬೇಕಾದರೆ ಎರಡೂ ರಿಜಿಸ್ಟರುಗಳು ಎಕ್ಸ್8ರಿಂದ ಎಕ್ಸ್15ರ ಒಳಗಿರಬೇಕು, ದೂರ ಎಂಟರ ಗುಣಕವಾಗಿದ್ದು 256ಕ್ಕಿಂತ ಕಡಿಮೆ ಇರಬೇಕು. ಬಿಪಿಎಫ್‌ನ ಆರ್0ಯಿಂದ ಆರ್6ರವರೆಗಿನವು ಈ ಗುಂಪಿನೊಳಗೆ ಬೀಳುತ್ತವೆ, ಆರ್7, ಆರ್8, ಆರ್9 ಹೊರಗೆ. ಅಂದರೆ ಅದೇ ಸಿ ಸಾಲು, ಕ್ಲ್ಯಾಂಗ್ ಯಾವ ರಿಜಿಸ್ಟರ್ ಆರಿಸಿತು ಎಂಬುದರ ಮೇಲೆ, ಒಮ್ಮೆ 2 ಬೈಟ್ ಆಗುತ್ತದೆ, ಒಮ್ಮೆ 4. ಬಿದ್ದ ಮೇಲೆ ಎಷ್ಟು ಮುಂದೆ ಹೋಗಬೇಕು ಎಂಬುದನ್ನು ಊಹಿಸುವಂತಿಲ್ಲ, ಬರೆದ ಕ್ಷಣದಲ್ಲೇ ಅಳೆದು ಇಟ್ಟುಕೊಳ್ಳಬೇಕು. ಇನ್ನೊಂದು ತಿರುವೂ ಇದೆ. ಲೋಡ್ ಇನ್‌ಸ್ಟ್ರಕ್ಷನ್‌ನೊಳಗೆ 2047ಕ್ಕಿಂತ ಹೆಚ್ಚಿನ ದೂರ ಹಿಡಿಸುವುದಿಲ್ಲ. ಟಾಸ್ಕ್ ರಚನೆಯೋ ದೊಡ್ಡದು. ದೂರ ಹೆಚ್ಚಾದರೆ ಜಿಟ್ ಮೊದಲು ಆ ಸಂಖ್ಯೆಯನ್ನು ಇನ್ನೊಂದು ರಿಜಿಸ್ಟರಿಗೆ ತುಂಬಿ, ಕೂಡಿಸಿ, ಆಮೇಲೆ ಲೋಡ್ ಮಾಡುತ್ತದೆ. ಬೀಳುವುದು ಕೊನೆಯ ಲೋಡ್ ಮಾತ್ರ, ಕೋಷ್ಟಕಕ್ಕೆ ಹೋಗಬೇಕಾದದ್ದು ಅದರ ವಿಳಾಸ. ಅಳತೆಪಟ್ಟಿಯನ್ನು ಅಲ್ಲಿಂದಲೇ ಹಿಡಿಯಬೇಕು.

ಬಿದ್ದಾಗ ರಿಜಿಸ್ಟರಿಗೆ ಸೊನ್ನೆ ಹಾಕುವುದೆಂದರೆ, ಕರ್ನಲ್ ಪೇರಿಸಿಟ್ಟುಕೊಂಡ ರಿಜಿಸ್ಟರ್ ರಚನೆಯಲ್ಲಿ ಸರಿಯಾದ ಮನೆಗೆ ಸೊನ್ನೆ ಬರೆಯುವುದು. ರಿಸ್ಕ್-ಫೈವ್‌ನಲ್ಲಿ ಆ ರಚನೆಯ ಮೊದಲ ಮನೆ ಬಿದ್ದ ಜಾಗದ ವಿಳಾಸ, ಆಮೇಲೆ ಎಕ್ಸ್1ರಿಂದ ಎಕ್ಸ್31ರವರೆಗೆ ಸಾಲಾಗಿ. ಎಕ್ಸ್0 ಯಾವಾಗಲೂ ಸೊನ್ನೆಯೇ ಆದ್ದರಿಂದ ಅದಕ್ಕೆ ಮನೆ ಬೇಕಿಲ್ಲ, ಅದರ ಜಾಗದಲ್ಲಿ ಆ ವಿಳಾಸ ಕೂತಿದೆ. ಹಾಗಾಗಿ ರಿಜಿಸ್ಟರಿನ ಸಂಖ್ಯೆಯನ್ನು ಎಂಟರಿಂದ ಗುಣಿಸಿದರೆ ಮನೆ ಸಿಕ್ಕಿತು. ಮೇನ್‌ಲೈನ್ ಇದಕ್ಕೊಂದು ಪ್ರತ್ಯೇಕ ನಕ್ಷೆ ಇಟ್ಟುಕೊಂಡಿದೆ. ನಾನು ಗುಣಾಕಾರವನ್ನೇ ಇಟ್ಟುಕೊಂಡು, ರಚನೆ ಬದಲಾದರೆ ಕಂಪೈಲ್ ಹೊತ್ತಿನಲ್ಲೇ ನಿಲ್ಲುವಂತೆ ತಪಾಸಣೆ ಹಾಕಿದೆ.

ಪರೀಕ್ಷೆಗೆ ಬೇರೆ ಪ್ರೋಗ್ರಾಂ ಬರೆಯುವ ಅಗತ್ಯವೇ ಬೀಳಲಿಲ್ಲ. ಕರ್ನಲ್ ಥ್ರೆಡ್‌ಗಳಿಗೆ ಸ್ವಂತ ಬಳಕೆದಾರ ಮೆಮೊರಿ ಇಲ್ಲ, ಅವುಗಳ ಟಾಸ್ಕ್ ರಚನೆಯಲ್ಲಿ ಮೆಮೊರಿ ಪಾಯಿಂಟರ್ ಶೂನ್ಯ. ಏನೂ ಕೆಲಸವಿಲ್ಲದಾಗ ಓಡುವ ಐಡಲ್ ಟಾಸ್ಕ್‌ನದೂ ಶೂನ್ಯ. ಶೆಡ್ಯೂಲರ್ ಅವುಗಳಿಗೆ ಬದಲಾಯಿಸಿದಾಗಲೆಲ್ಲ ನಮ್ಮ ಪ್ರೋಗ್ರಾಂ ಶೂನ್ಯ ಪಾಯಿಂಟರನ್ನು ಹಿಂಬಾಲಿಸುತ್ತದೆ. ಸುಮ್ಮನೆ ಕೂತ ಯಂತ್ರದಲ್ಲೂ ಬೀಳುವಿಕೆಗೆ ಬರವಿಲ್ಲ. ಯಂತ್ರವನ್ನು ತಂತ್ರಾಂಶದಲ್ಲೇ ಅನುಕರಿಸುವ ಕ್ಯೂಇಎಂಯುನಲ್ಲಿ, ದೋಷ ಹಿಡಿಯುವ ಆಯ್ಕೆಗಳನ್ನೆಲ್ಲ ಆನ್ ಮಾಡಿ ಕಟ್ಟಿದ ಕರ್ನಲ್ ಮೇಲೆ ಓಡಿಸಿದೆ. ಪ್ರೋಗ್ರಾಂ ಲೋಡ್ ಆಯಿತು, ಕರ್ನಲ್ ಥ್ರೆಡ್‌ಗಳಿಗೆ ಸೊನ್ನೆ, ಉಳಿದವಕ್ಕೆ ಸರಿಯಾದ ಸಂಖ್ಯೆ. ರಾತ್ರಿಯಿಡೀ ಬಿಟ್ಟೆ, ಏನೂ ಆಗಲಿಲ್ಲ.

ಬೋರ್ಡಿಗೆ ಹಾಕಿದೆ. ಲೋಡ್ ಆದೊಡನೆ ಸತ್ತಿತು.

ಲಾಗ್‌ನಲ್ಲಿದ್ದ ದೂರು ವಿಚಿತ್ರವಾಗಿತ್ತು: ಕರ್ನಲ್, ಬಳಕೆದಾರನ ಮೆಮೊರಿಯನ್ನು ಅಧಿಕೃತ ದಾರಿ ಬಿಟ್ಟು ಮುಟ್ಟಿದೆ. ವಿಳಾಸ ಸೊನ್ನೆಯ ಹತ್ತಿರದ್ದು. ಬಿದ್ದ ಜಾಗ ನಮ್ಮ ಲೋಡ್. ಆ ಲೋಡ್ ಕೋಷ್ಟಕದಲ್ಲಿ ಇತ್ತು. ಕೋಷ್ಟಕವನ್ನು ಯಾರೂ ಹುಡುಕಿಯೇ ಇರಲಿಲ್ಲ.

ರಿಸ್ಕ್-ಫೈವ್‌ನಲ್ಲಿ ‘ಸಮ್’ ಎಂಬ ಒಂದು ಬಿಟ್ ಇದೆ. ಅದು ಸೊನ್ನೆ ಇದ್ದಾಗ ಕರ್ನಲ್ ಬಳಕೆದಾರನ ಪುಟಗಳನ್ನು ಮುಟ್ಟುವಂತಿಲ್ಲ. ನಕಲು ಮಾಡುವ ಅಧಿಕೃತ ಫಂಕ್ಷನ್‌ಗಳು ಮಾತ್ರ ಅದನ್ನು ಕ್ಷಣಕಾಲ ಏರಿಸಿ ಇಳಿಸುತ್ತವೆ. ಪೇಜ್ ಫಾಲ್ಟ್ ಕೋಡ್‌ನಲ್ಲಿ ಒಂದು ಕಾವಲು ಇದೆ: ಬಿದ್ದದ್ದು ಕರ್ನಲ್, ವಿಳಾಸ ಬಳಕೆದಾರನ ವ್ಯಾಪ್ತಿಯದು, ಸಮ್ ಬಿಟ್ ಇಳಿದಿದೆ ಎಂದಾದರೆ ಇನ್ನೇನನ್ನೂ ಕೇಳದೆ ಸಾಯಿ. ಕಾವಲು ಇಟ್ಟ ಉದ್ದೇಶ ಒಳ್ಳೆಯದೇ. ಆದರೆ ಶೂನ್ಯ ಪಾಯಿಂಟರ್ ಕೂಡ ಬಳಕೆದಾರನ ವ್ಯಾಪ್ತಿಯ ವಿಳಾಸವೇ. ಕಾವಲು ಬರೆಯುವಾಗ ಈ ಜಿಟ್‌ಗೆ ಬೀಳುವ ಲೋಡ್‌ಗಳೇ ಇರಲಿಲ್ಲ, ಹಾಗಾಗಿ ಆ ಸಾಲಿಗೆ ನಮ್ಮ ಕಲ್ಪನೆಯೂ ಇರಲಿಲ್ಲ.

ಹಾಗಾದರೆ ಕ್ಯೂಇಎಂಯುನಲ್ಲಿ ಯಾಕೆ ಸಾಯಲಿಲ್ಲ? ಇದಕ್ಕೆ ಉತ್ತರ ಹುಡುಕಿದ್ದೇ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ಆ ಕಾವಲಿಗಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ: ನಿದ್ರಿಸಬಾರದ ಸ್ಥಿತಿಯಲ್ಲಿ ಇದ್ದೇವೆಯೇ, ಅಥವಾ ಈಗ ಓಡುತ್ತಿರುವ ಟಾಸ್ಕ್‌ಗೆ ಬಳಕೆದಾರ ಮೆಮೊರಿಯೇ ಇಲ್ಲವೇ? ಎರಡರಲ್ಲಿ ಒಂದು ಹೌದಾದರೂ ನೇರವಾಗಿ ಕೋಷ್ಟಕ ಹುಡುಕುವ ದಾರಿಗೆ ಹೋಗುತ್ತದೆ, ಕಾವಲಿನ ಬಳಿ ಬರುವುದೇ ಇಲ್ಲ. ‘ನಿದ್ರಿಸಬಾರದ ಸ್ಥಿತಿ’ ಎಂಬುದು ಗೊತ್ತಾಗುವುದು ಪ್ರೀಎಂಪ್ಟ್ ಎಣಿಕೆಯಿಂದ, ಅಂದರೆ ಈಗ ಟಾಸ್ಕ್ ಬದಲಿಸಬೇಡ ಎಂದು ಎಷ್ಟು ಸಲ ಹೇಳಲಾಗಿದೆ ಎಂಬ ಲೆಕ್ಕದಿಂದ. ದೋಷ ಹಿಡಿಯುವ ಆಯ್ಕೆಗಳು ಆ ಎಣಿಕೆಯನ್ನು ಆನ್ ಮಾಡಿರುತ್ತವೆ. ಬೋರ್ಡಿನ ಕರ್ನಲ್‌ನಲ್ಲಿ, ವೇಗಕ್ಕಾಗಿ, ಅದು ಆಫ್. ಶೆಡ್ಯೂಲರ್ ಬೀಗ ಹಿಡಿದು ಕೂತಿದ್ದರೂ ಎಣಿಕೆ ಸೊನ್ನೆಯೇ ತೋರಿಸುತ್ತದೆ. ಆಗ ಉಳಿಯುವುದು ಎರಡನೆಯ ಪ್ರಶ್ನೆ ಮಾತ್ರ. ಕರ್ನಲ್ ಥ್ರೆಡ್‌ನಿಂದ ಕರ್ನಲ್ ಥ್ರೆಡ್‌ಗೆ ಬದಲಾದರೆ ಎಲ್ಲ ಕ್ಷೇಮ. ಸಾಮಾನ್ಯ ಪ್ರಕ್ರಿಯೆಯಿಂದ ಕರ್ನಲ್ ಥ್ರೆಡ್‌ಗೆ ಬದಲಾದರೆ ಸಾವು. ದೋಷ ಹುಡುಕಲೆಂದೇ ಹಾಕಿದ ಆಯ್ಕೆ ಈ ದೋಷವನ್ನು ಮುಚ್ಚಿಟ್ಟಿತ್ತು. ಕ್ಯೂಇಎಂಯು ಕರ್ನಲ್‌ನಲ್ಲಿ ಅದೊಂದನ್ನು ತೆಗೆದು ಕಟ್ಟಿದಾಗ ಅಲ್ಲೂ ಕೂಡಲೇ ಸತ್ತಿತು.

ತಿದ್ದುಪಡಿ ಎರಡು ಸಾಲು: ಕಾವಲು ಸಾಯುವ ಮೊದಲು ಕೋಷ್ಟಕವನ್ನು ಒಮ್ಮೆ ಕೇಳಲಿ, ಅಲ್ಲಿ ಸಿಕ್ಕರೆ ಸುಮ್ಮನೆ ಹಿಂದಿರುಗಲಿ. ಮೇನ್‌ಲೈನ್ ದಾಖಲೆ ಹುಡುಕಿದರೆ ಅಲ್ಲೂ 2023ರಲ್ಲಿ ಇದೇ ಜಾಗಕ್ಕೆ ಇದೇ ತಿದ್ದುಪಡಿ ಬಂದಿತ್ತು, ಅಂದರೆ ಜಿಟ್ ಬೆಂಬಲ ಬಂದು ವರ್ಷ ದಾಟಿದ ಮೇಲೆ. ಕಾವಲನ್ನೇ ಕಿತ್ತುಹಾಕುವ ಯೋಚನೆ ನಮ್ಮಲ್ಲಿ ಒಬ್ಬರಿಗೆ ಬಂದಿತ್ತು. ಅದು ಅಪಾಯ. ಮುಂದಿನ ದಾರಿಯಲ್ಲಿ ಪ್ರಕ್ರಿಯೆಯ ಮೆಮೊರಿ ಬೀಗವನ್ನು ಪಡೆಯುವ ಕೋಡ್ ಇದೆ, ಅದು ನಿದ್ರಿಸಬಹುದು. ಶೆಡ್ಯೂಲರ್ ಬೀಗ ಕೈಯಲ್ಲಿ ಇಟ್ಟುಕೊಂಡು ನಿದ್ರಿಸುವ ಕರ್ನಲ್ ಮತ್ತೆ ಏಳುವುದಿಲ್ಲ.

ಪೇಜ್ ಫಾಲ್ಟ್ ಎಂದರೆ ರಿಜಿಸ್ಟರುಗಳನ್ನೆಲ್ಲ ಪೇರಿಸಿ, ಹುಡುಕಿ, ಮತ್ತೆ ಇಳಿಸುವ ಕೆಲಸ. ಒಂದು ಹೋಲಿಕೆಯ ಇನ್‌ಸ್ಟ್ರಕ್ಷನ್ ಎದುರು ಅದು ದುಬಾರಿ. ಆದ್ದರಿಂದ ನಮ್ಮ ಪ್ರೋಗ್ರಾಂನಲ್ಲಿ ಮೆಮೊರಿ ಪಾಯಿಂಟರ್ ಶೂನ್ಯವೇ ಎಂಬ ತಪಾಸಣೆಯನ್ನು ಕೊನೆಗೆ ಸೇರಿಸಿದೆವು. ಕೋಷ್ಟಕ ಇರುವುದು ಅಪರೂಪಕ್ಕೆ ಬೀಳುವುದಕ್ಕೆ, ಪ್ರತಿ ಸಲ ಬೀಳುವುದಕ್ಕಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಆ ಪ್ರೋಗ್ರಾಂಗೆ ಕೋಷ್ಟಕದ ಅಗತ್ಯ ಬಹುಪಾಲು ಬೀಳುವುದೇ ಇಲ್ಲ ಎಂದು ಸಹೋದ್ಯೋಗಿ ನಕ್ಕರು. ನಗಲಿ. ಕೋಷ್ಟಕ ಇಲ್ಲದೆ ಆ ತಪಾಸಣೆಯಿರುವ ಪ್ರೋಗ್ರಾಂ ಕೂಡ ಲೋಡ್ ಆಗುವುದಿಲ್ಲ.

ಮುಂದೆ ಹೊಸ ಕರ್ನಲ್‌ಗೆ ಹೋದಾಗ ನನ್ನ ಪ್ಯಾಚ್ ಪೂರ್ತಿ ಬಿಸಾಡಬಹುದು. ಅಲ್ಲಿ ಕೋಷ್ಟಕದ ಪ್ರತಿ ನಮೂದಿಗೂ ಬಗೆಯ ಅಂಕಣವೇ ಇದೆ, ಇದು ಬಿಪಿಎಫ್‌ನದು ಎಂದು ಅದೇ ಹೇಳುತ್ತದೆ. ನಾನು ಮಾಡಿದಂತೆ ವಿಳಾಸ ಜಿಟ್ ಪ್ರದೇಶದ್ದೇ ಎಂದು ನೋಡಿ ಗುರುತಿಸಬೇಕಿಲ್ಲ. ಆ ತಪಾಸಣೆಯಿಲ್ಲದ ಹಳೆಯ ಪ್ರೋಗ್ರಾಂ ಒಂದನ್ನು ಮಾತ್ರ ಪರೀಕ್ಷಾ ಪಟ್ಟಿಗೆ ಸೇರಿಸಿದ್ದೇನೆ. ಅದು ಓಡುವುದು ಎರಡು ಕರ್ನಲ್‌ಗಳ ಮೇಲೆ, ಒಂದರಲ್ಲಿ ಪ್ರೀಎಂಪ್ಟ್ ಎಣಿಕೆ ಆನ್, ಇನ್ನೊಂದರಲ್ಲಿ ಆಫ್.